ಗೂಡಿನಲ್ಲಿ ಜಾಗ ಇದ್ದರೂ ಐದು ಕೋಳಿ ಸಾಕು

ಪ್ರಶ್ನೆ: ಮೈಸೂರಿನ ಹೊರಗಿನ ಒಂದು ಬಡಾವಣೆಯಲ್ಲಿ ನಮ್ಮ ಮನೆ. ಹಿಂದುಗಡೆ ಸುಮಾರು 20 ಅಡಿಗೆ 30 ಅಡಿ ಹಿತ್ತಲಿದೆ. ಒಂದೂವರೆ ವರ್ಷದಿಂದ ಐದು ಕೋಳಿ ಸಾಕಿದ್ದೇನೆ. ಮೂರು ಸ್ವರ್ಣಧಾರ ತಳಿಯವು, ಎರಡು ನಾಟಿ. ಹುಂಜ ಇಲ್ಲ. ಸಂಕ್ರಾಂತಿಯಿಂದ ಈಚೆಗೆ ದಿನಕ್ಕೆ ಎರಡು ಮೂರು, ಕೆಲವು ದಿನ ನಾಲ್ಕು ಮೊಟ್ಟೆ ಸಿಗುತ್ತಿವೆ. ಪಕ್ಕದ ಮನೆಯವರು ನಮಗೂ ಕೊಡಿ ಅನ್ನುತ್ತಾರೆ. ಒಂದು ನಾಟಿ ಕೋಳಿ ಹತ್ತು ದಿನದಿಂದ ಕಾವು ಕೂತಿದೆ. ನಮ್ಮ ಮನೆಯವರ ಸ್ನೇಹಿತರೊಬ್ಬರು ಹತ್ತು ಮರಿ ಕೊಡುತ್ತೇನೆ, ಜೊತೆಗೆ ಕಡಕ್‌ನಾಥ್ ಒಂದು ಜೋಡಿ ಕೊಡುತ್ತೇನೆ ಅಂದಿದ್ದಾರೆ. ಗೂಡಿನಲ್ಲಿ ಜಾಗ ಇದೆ. ಅತ್ತೆ ಮಾತ್ರ ಬೇಡ ಅನ್ನುತ್ತಿದ್ದಾರೆ. ನನಗೆ ಆಸೆ ತಡೆಯೋಕೆ ಆಗ್ತಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೇರವಾಗಿ ಹೇಳಿಬಿಡುತ್ತೇನೆ. ಈಗ ಬೇಡ. ಹತ್ತು ಮರಿಯೂ ಬೇಡ, ಕಡಕ್‌ನಾಥ್ ಜೋಡಿಯೂ ಬೇಡ. ನಿಮ್ಮ ಅತ್ತೆಯವರ ಮಾತಿನಲ್ಲಿ ಅರ್ಥ ಇದೆ.

ಹಾಗಂತ ನಿಮ್ಮ ಆಸೆ ತಪ್ಪು ಅನ್ನುತ್ತಿಲ್ಲ. ಕೋಳಿ ಸಾಕಿದವರಿಗೆಲ್ಲ ಇದು ಬರುತ್ತದೆ, ಅದೂ ವರ್ಷದ ಇದೇ ಹೊತ್ತಿಗೆ ಬರುತ್ತದೆ. ಸಂಕ್ರಾಂತಿಯಿಂದ ಶಿವರಾತ್ರಿವರೆಗೆ ಹಿತ್ತಲ ಕೋಳಿಗೆ ಬಲು ಒಳ್ಳೆಯ ಕಾಲ. ನೆಲ ಒಣಗಿರುತ್ತದೆ. ಬಿಸಿಲು ಇನ್ನೂ ಹಿತವಾಗಿರುತ್ತದೆ. ಹಗಲು ದಿನದಿಂದ ದಿನಕ್ಕೆ ಉದ್ದವಾಗುತ್ತದೆ, ಅದರ ಜೊತೆಗೆ ಮೊಟ್ಟೆಯೂ ಜಾಸ್ತಿಯಾಗುತ್ತದೆ. ಎಲ್ಲ ಚೆನ್ನಾಗಿರುವಾಗಲೇ ಅಲ್ವಾ, ಇನ್ನೊಂದು ನಾಲ್ಕು ಇದ್ದಿದ್ದರೆ ಅನ್ನಿಸುವುದು?

ಆದರೆ ಹಿತ್ತಲಲ್ಲಿ ಎಷ್ಟು ಕೋಳಿ ಇರಬೇಕು ಅನ್ನುವ ಲೆಕ್ಕವನ್ನು ಈ ವಾರ ನೋಡಿ ಹಾಕಬಾರದು. ಆಷಾಢದಲ್ಲಿ ನಾಲ್ಕು ದಿನ ಬಿಡದೆ ಜಡಿಮಳೆ ಹಿಡಿದಿದೆ. ಮಕ್ಕಳಿಗೆ ಜ್ವರ. ಹಿತ್ತಲ ಕಡೆ ಹೋಗೋಕೆ ನಿಮಗೆ ಸಿಗುವುದೇ ಹತ್ತು ನಿಮಿಷ. ಅಂಥ ವಾರದಲ್ಲಿ ಎಷ್ಟು ಕೋಳಿಯನ್ನು ಚೆನ್ನಾಗಿ ನೋಡಿಕೊಳ್ಳಬಲ್ಲಿರಿ? ಅಷ್ಟೇ ಇರಲಿ. ನಾನು ಯಾರಿಗೇ ಹೇಳಿದರೂ ಹೇಳುವುದು ಇದನ್ನೇ.

ಗೂಡಿನಲ್ಲಿ ಜಾಗ ಇದೆ ಅಂದಿದ್ದೀರಿ. ಇರಬಹುದು. ರಾತ್ರಿ ಕೂರೋಕೆ ಒಂದು ಕೋಳಿಗೆ ಎರಡು ಚದರ ಅಡಿ ನೆಲ, ಕೋಲಿನ ಮೇಲೆ ಹತ್ತು ಇಂಚು ಇದ್ದರೆ ಸಾಕು. ಆ ಲೆಕ್ಕದಲ್ಲಿ ಸಣ್ಣ ಗೂಡಿನಲ್ಲೂ ಹದಿನೈದು ಹಿಡಿಸುತ್ತವೆ. ಆದರೆ ಕೋಳಿ ಗೂಡಿನಲ್ಲಿ ಬದುಕುವುದಿಲ್ಲ, ಅಲ್ಲಿ ಮಲಗುತ್ತದೆ ಅಷ್ಟೆ. ಬದುಕುವುದು ನಿಮ್ಮ ಆ 600 ಚದರ ಅಡಿ ಹಿತ್ತಲಲ್ಲಿ. ಐದು ಕೋಳಿ ಕೆದಕಿದ ಜಾಗದಲ್ಲಿ ಒಂದು ಮಳೆ ಬಂದರೆ ಮತ್ತೆ ಹುಲ್ಲು ಚಿಗುರುತ್ತದೆ. ಹದಿನೈದು ಕೆದಕಿದರೆ ಚಿಗುರಲು ಪುರುಸೊತ್ತೇ ಸಿಗುವುದಿಲ್ಲ. ಎರಡು ತಿಂಗಳಲ್ಲಿ ನೆಲ ಬೋಳಾಗುತ್ತದೆ. ಎರೆಹುಳು, ಗೆದ್ದಲು, ಮಿಡತೆ ಎಲ್ಲ ಮುಗಿಯುತ್ತವೆ. ಬಾಳೆ ಬುಡ, ಕೆಸುವಿನ ಬುಡ ತೋಡಿ ಬೇರು ಹೊರಗೆ ಬರುತ್ತದೆ. ಮಳೆಗಾಲಕ್ಕೆ ಅದೇ ಬೋಳು ನೆಲ ಕೆಸರಾಗುತ್ತದೆ.

ಇನ್ನು ಹಿಕ್ಕೆಯ ವಿಷಯ. ಒಂದು ದೊಡ್ಡ ಕೋಳಿ ದಿನಕ್ಕೆ ನೂರು ಗ್ರಾಂಗಿಂತ ಜಾಸ್ತಿಯೇ ಹಿಕ್ಕೆ ಹಾಕುತ್ತದೆ. ಐದು ಕೋಳಿಯದ್ದು ಅರ್ಧ ಕೆಜಿ ಚಿಲ್ಲರೆ. ಒಣಗಿದ ಎಲೆ, ಭತ್ತದ ಹೊಟ್ಟಿನ ಜೊತೆ ಸೇರಿಸಿ ಗುಂಡಿಗೆ ಹಾಕಿದರೆ ಗೊಬ್ಬರವಾಗಿ ಹೋಗುತ್ತದೆ. ಹದಿನೈದರದ್ದು ತಿಂಗಳಿಗೆ 45 ಕೆಜಿ ದಾಟುತ್ತದೆ. ಒಣಗಿದ್ದಾಗ ಅಷ್ಟೇನೂ ವಾಸನೆ ಬರುವುದಿಲ್ಲ. ನೆನೆಯಿತೋ, ಅಮೋನಿಯಾ ಏಳುತ್ತದೆ. ಬಾಗಿಲು ತೆರೆದರೆ ಕಣ್ಣು ಉರಿಯುತ್ತದೆ, ನೊಣ ಮುತ್ತುತ್ತದೆ. ಈಗ ಮೊಟ್ಟೆ ಕೊಡಿ ಅನ್ನುವ ಪಕ್ಕದ ಮನೆಯವರೇ ಆಗ ಕಿಟಕಿ ಹಾಕಿಕೊಳ್ಳುತ್ತಾರೆ. ಬೆಳಗ್ಗೆ ಇದನ್ನೆಲ್ಲ ಗುಡಿಸುವವರು ಯಾರು ಅಂತ ನೀವು ಬರೆದಿಲ್ಲ. ಅತ್ತೆಯವರೇ ಆಗಿದ್ದರೆ ಅವರ ಮಾತಿಗೆ ಎರಡು ಪಟ್ಟು ಬೆಲೆ ಕೊಡಿ.

ಮೇವಿನಲ್ಲೂ ಜನ ಲೆಕ್ಕ ತಪ್ಪುತ್ತಾರೆ. ಐದಕ್ಕೆ ಇಷ್ಟು ಖರ್ಚು, ಹದಿನೈದಕ್ಕೆ ಅದರ ಮೂರು ಪಟ್ಟು ಅಂದುಕೊಳ್ಳುತ್ತಾರೆ. ಹಾಗಾಗುವುದಿಲ್ಲ. ಮೊಟ್ಟೆ ಇಡುವ ಕೋಳಿ ದಿನಕ್ಕೆ 100 ರಿಂದ 120 ಗ್ರಾಂ ತಿನ್ನುತ್ತದೆ. ಐದಕ್ಕೆ ದಿನಕ್ಕೆ ಅರ್ಧ ಕೆಜಿಯಿಂದ 600 ಗ್ರಾಂ ಬೇಕು. ಅದರಲ್ಲಿ ಒಂದಷ್ಟು ನಿಮ್ಮ ಅಡುಗೆಮನೆಯಿಂದಲೇ ಬರುತ್ತದೆ: ಉಳಿದ ಅನ್ನ, ಮುದ್ದೆ ಪಾತ್ರೆಯ ಸೀಕು, ಸೊಪ್ಪಿನ ಕಡ್ಡಿ, ತರಕಾರಿ ಸಿಪ್ಪೆ. ಇನ್ನೊಂದಷ್ಟನ್ನು ಅವು ಹಿತ್ತಲಲ್ಲೇ ಹುಡುಕಿಕೊಳ್ಳುತ್ತವೆ. ಉಳಿದದ್ದಕ್ಕೆ ನೀವು ನುಚ್ಚು, ತೌಡು, ಸ್ವಲ್ಪ ಅಂಗಡಿ ಮೇವು ಹಾಕುತ್ತೀರಿ. ಕೋಳಿ ಹದಿನೈದಾದರೆ ತಿಂಗಳಿಗೆ ಹೆಚ್ಚೂಕಡಿಮೆ 50 ಕೆಜಿ, ಅಂದರೆ ಒಂದು ಪೂರ್ತಿ ಮೂಟೆ ಬೇಕು. ಆದರೆ ನಿಮ್ಮ ಮನೆಯಲ್ಲಿ ಊಟ ಮಾಡುವವರು ಮೂರು ಪಟ್ಟಾಗುವುದಿಲ್ಲ, ಹಿತ್ತಲ ಹುಳವೂ ಮೂರು ಪಟ್ಟಾಗುವುದಿಲ್ಲ. ಆರನೇ ಕೋಳಿಯಿಂದಾಚೆಗೆ ಎಲ್ಲದಕ್ಕೂ ದುಡ್ಡು ಕೊಟ್ಟೇ ಮೇವು ತರಬೇಕು. ತರದೆ ಇದ್ದದ್ದನ್ನೇ ಹಂಚಿದರೆ ಹದಿನೈದೂ ಅರೆಹೊಟ್ಟೆಯಲ್ಲಿ ಇರುತ್ತವೆ. ಹಾಗೆ ಕೋಳಿ ಹೆಚ್ಚಿಸಿ ಮೊಟ್ಟೆ ಕಡಿಮೆ ಮಾಡಿಕೊಂಡ ಮನೆಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೂಟೆ ಮನೆಗೆ ಬಂದರೆ ಹಿಂದೆಯೇ ಹೆಗ್ಗಣ ಬರುತ್ತದೆ. ಬಡಾವಣೆ ಅಂಚಿನ ಮನೆಗಳಲ್ಲಿ ಹೆಗ್ಗಣದ ಹಿಂದೆ ಹಾವೂ ಬರುತ್ತದೆ. ಇದನ್ನು ಹೆದರಿಸೋಕೆ ಹೇಳುತ್ತಿಲ್ಲ, ಮೇವು ಚೆಲ್ಲಿದ ಜಾಗದಲ್ಲಿ ಇದು ಆಗಿಯೇ ಆಗುತ್ತದೆ.

ಕೋಳಿಗಳ ನಡುವಿನ ಸಂಬಂಧವನ್ನೂ ಯೋಚಿಸಿ. ನಿಮ್ಮ ಐದರಲ್ಲಿ ಮೊದಲು ತಿನ್ನುವುದು ಯಾವುದು, ಯಾವುದು ಯಾವುದನ್ನು ಕುಕ್ಕುತ್ತದೆ ಅನ್ನುವುದು ನಿಮಗೆ ಗೊತ್ತಿರುತ್ತದೆ. ಇದನ್ನು ಮೊದಲು ಕ್ರಮವಾಗಿ ಬರೆದಿಟ್ಟವರು ನಾರ್ವೆಯ ಥೋರ್ಲೈಫ್ ಶೆಲ್ಡೆರಪ್ ಎಬ್ಬೆ. ಚಿಕ್ಕ ಹುಡುಗನಾಗಿದ್ದಾಗಲೇ ಕೋಳಿಗಳನ್ನು ನೋಡುತ್ತಾ ಕೂತು, ಯಾವುದು ಯಾವುದಕ್ಕೆ ಕುಕ್ಕಿತು ಅಂತ ಗುರುತು ಹಾಕಿಕೊಳ್ಳುತ್ತಿದ್ದರು. 1920ರ ದಶಕದ ಶುರುವಿನಲ್ಲಿ ಅದು ಅಧ್ಯಯನವಾಗಿ ಹೊರಬಂತು. ಕೋಳಿಗಳಲ್ಲಿ ಪ್ರತಿ ಎರಡರ ನಡುವೆಯೂ ಯಾರು ಮೇಲು ಅನ್ನುವುದು ತೀರ್ಮಾನ ಆಗಿರಲೇಬೇಕು. ಐದು ಕೋಳಿಯಲ್ಲಿ ಅಂಥ ಜೋಡಿಗಳು ಹತ್ತು. ಹದಿನೈದರಲ್ಲಿ ಎಷ್ಟು ಗೊತ್ತಾ? 105. ಕೋಳಿ ಮೂರು ಪಟ್ಟಾದರೆ ತೀರ್ಮಾನವಾಗಬೇಕಾದ ಜಗಳ ಹತ್ತು ಪಟ್ಟಿಗಿಂತ ಜಾಸ್ತಿ. ಅಗಲವಾದ ತೋಟದಲ್ಲಿ ಸೋತ ಕೋಳಿ ದೂರ ಓಡಿ ಬಚಾವಾಗುತ್ತದೆ. ಸುತ್ತ ಕಾಂಪೌಂಡ್ ಇರುವ ಹಿತ್ತಲಲ್ಲಿ ಎಲ್ಲಿಗೆ ಓಡಬೇಕು? ಬೆನ್ನ ಪುಕ್ಕ ಕಿತ್ತುಹೋಗಿ, ಮೂಲೆಯಲ್ಲಿ ನಿಂತು, ಎಲ್ಲ ತಿಂದಾದ ಮೇಲೆ ಬಂದು ಖಾಲಿ ತಟ್ಟೆ ಕುಕ್ಕುವ ಕೋಳಿಯನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಈಗ ರೋಗದ ಮಾತು. ಇದನ್ನು ನನ್ನ ಮನೆಯ ಕಥೆಯಿಂದಲೇ ಹೇಳುತ್ತೇನೆ.

ನಾನು ಕೋಳಿ ಸಾಕಲು ಶುರುಮಾಡಿದ ನಾಲ್ಕನೇ ವರ್ಷ. ಆರು ಕೋಳಿ ಇದ್ದವು. ಒಂದು ಕಾವು ಕೂತಿತು, ಮರಿ ಆದವು. ಯಾರೋ ಎರಡು ಕೊಟ್ಟರು, ಬೇಡ ಅನ್ನಲಾಗಲಿಲ್ಲ. ವರ್ಷ ಮುಗಿಯುವಷ್ಟರಲ್ಲಿ 17 ಆಗಿದ್ದವು. ಕೆಲವು ಎರಡು ತಿಂಗಳವು, ಕೆಲವು ಐದು ತಿಂಗಳವು, ಕೆಲವು ಹಳೆಯವು. ಹೀಗೆ ವಯಸ್ಸು ಬೆರಕೆ ಆದಾಗ ಲಸಿಕೆಯ ಲೆಕ್ಕ ತಪ್ಪುತ್ತದೆ. ಕೊಕ್ಕರೆ ರೋಗಕ್ಕೆ ಮರಿಗೆ ಮೊದಲ ವಾರದಲ್ಲಿ ಕಣ್ಣಿಗೆ ಹನಿ, ನಾಲ್ಕನೇ ವಾರ ಇನ್ನೊಂದು ಸಲ, ಎಂಟು ಹತ್ತು ವಾರಕ್ಕೆ ಚುಚ್ಚುಮದ್ದು ಆಗಬೇಕು. ಲಸಿಕೆಯ ಸೀಸೆ ಸಾಮಾನ್ಯವಾಗಿ ನೂರು ಕೋಳಿಗೆ ಆಗುವಷ್ಟು ಇರುತ್ತದೆ. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ನಾಲ್ಕು ಮರಿಗೆ ಅಂತ ಒಂದು ಸೀಸೆ ಒಡೆಯೋಕೆ ಮನಸ್ಸು ಬರಲಿಲ್ಲ. ಎಲ್ಲ ಒಂದು ಹದಕ್ಕೆ ಬರಲಿ, ಒಟ್ಟಿಗೆ ಹಾಕಿಸೋಣ ಅಂತ ಮುಂದಕ್ಕೆ ಹಾಕಿದೆ.

ಆ ಬೇಸಿಗೆಯಲ್ಲಿ ಸಂತೆಗೆ ಹೋಗಿದ್ದೆ. ಗೂಡೆಯಲ್ಲಿ ಎರಡು ಚಂದದ ಹೇಟೆ ಇದ್ದವು. ಕಪ್ಪು ಬಿಳಿ ಚುಕ್ಕೆ, ಇನ್ನೇನು ಮೊಟ್ಟೆಗೆ ಬರುವಂಥವು. ತಂದು ಅವತ್ತೇ ಸಂಜೆ ಉಳಿದವುಗಳ ಜೊತೆ ಬಿಟ್ಟೆ. ಐದನೇ ದಿನ ಹೊಸ ಕೋಳಿಯೊಂದು ಬಾಯಿ ತೆರೆದು ಉಸಿರಾಡುತ್ತಿತ್ತು. ಕೆಳಗೆ ಹಸಿರು ನೀರಿನಂಥ ಹಿಕ್ಕೆ. ಆಮೇಲೆ ಒಂದೊಂದೇ ಮಲಗಿದವು. ಒಂದು ಮರಿ ಕುತ್ತಿಗೆ ಹಿಂದಕ್ಕೆ ತಿರುಚಿಕೊಂಡು, ಸುತ್ತಿದ ಕಡೆಯೇ ಸುತ್ತುತ್ತಿತ್ತು. ನೀರಿನ ಬಟ್ಟಲ ಹತ್ತಿರ ಹಿಡಿದರೂ ಕೊಕ್ಕು ನೀರಿಗೆ ತಾಗಿಸಲು ಆಗಲಿಲ್ಲ ಅದಕ್ಕೆ. ಕೊಕ್ಕರೆ ರೋಗ ಬಂದ ಮೇಲೆ ಔಷಧಿ ಅಂತ ಇಲ್ಲ. ಎರಡು ವಾರದಲ್ಲಿ 19ರಲ್ಲಿ ನಾಲ್ಕು ಉಳಿದವು. ಆ ನಾಲ್ಕೂ ನನ್ನ ಹಳೆಯ, ಲಸಿಕೆ ಹಾಕಿಸಿಕೊಂಡಿದ್ದ ಕೋಳಿಗಳು.

ಈ ರೋಗವನ್ನೇ ರಾಣಿಖೇತ್ ಅನ್ನುವುದು, ಉತ್ತರಾಖಂಡದ ಊರಿನ ಹೆಸರು. ನೂರು ವರ್ಷದ ಹತ್ತಿರವಾಯಿತು ಅದು ನಮ್ಮ ದೇಶದಲ್ಲಿ ಪತ್ತೆಯಾಗಿ, ಇವತ್ತಿಗೂ ಹಿತ್ತಲ ಕೋಳಿಗಳ ದೊಡ್ಡ ಶತ್ರು ಅದೇ. ಹೊರಗಿನಿಂದ ಬರುವ ಪ್ರತಿ ಕೋಳಿಯೂ ತಾನಿದ್ದ ಕಡೆಯ ಕಾಯಿಲೆಯನ್ನು ಹೊತ್ತು ತರಬಹುದು. ನೀವು ಮೈಸೂರಿನವರೇ ಆದ್ದರಿಂದ 2020ರ ಮಾರ್ಚ್ ನೆನಪಿರಬಹುದು. ಆಗ ಅಲ್ಲಿ ಹಕ್ಕಿಜ್ವರ ಖಚಿತವಾಗಿ, ಸುತ್ತ ಒಂದು ಕಿಲೋಮೀಟರ್ ಒಳಗಿನ ಮನೆ ಕೋಳಿಗಳನ್ನೂ ಕೊಲ್ಲಬೇಕಾಯಿತು. ಚೆನ್ನಾಗಿದ್ದ ಕೋಳಿಗಳೂ ಹೋದವು.

ಅದಕ್ಕೇ ಹೇಳುವುದು, ಕೋಳಿ ಕಡಿಮೆ ಇದ್ದರೆ ನಮ್ಮ ಕಣ್ಣು ಪ್ರತಿಯೊಂದರ ಮೇಲೂ ಇರುತ್ತದೆ. ಕೋಳಿ ತನ್ನ ಕಾಯಿಲೆಯನ್ನು ಆದಷ್ಟು ದಿನ ಮುಚ್ಚಿಡುತ್ತದೆ. ತೋರಿಸಿಕೊಳ್ಳುವ ಹೊತ್ತಿಗೆ ಕೈ ಮೀರಿರುತ್ತದೆ. ನಮ್ಮಲ್ಲಿ ಈಗ ಆರೇ ಇವೆ. ಬೆಳಗ್ಗೆ ಬಾಗಿಲು ತೆಗೆದರೆ ದಿನಾ ಒಂದೇ ಸರದಿಯಲ್ಲಿ ಇಳಿಯುತ್ತವೆ. ಹೋದ ತಿಂಗಳು ಒಂದು ದಿನ, ಯಾವಾಗಲೂ ಎರಡನೆಯದಾಗಿ ಇಳಿಯುವ ಕೆಂಪು ಹೇಟೆ ಕೊನೆಗೆ ಇಳಿಯಿತು. ಅಷ್ಟೇ ವ್ಯತ್ಯಾಸ. ಎತ್ತಿಕೊಂಡು ಕುತ್ತಿಗೆಯ ಬುಡದ ಮೇವಿನ ಚೀಲ ಮುಟ್ಟಿ ನೋಡಿದೆ. ಸಂಜೆ ತಿಂದದ್ದು ಬೆಳಗಾಗುವಷ್ಟರಲ್ಲಿ ಕೆಳಗಿಳಿದು ಆ ಚೀಲ ಖಾಲಿಯಾಗಿರಬೇಕು. ಇದಕ್ಕೆ ನಿಂಬೆಹಣ್ಣಿನಷ್ಟು ಗಟ್ಟಿ ಉಂಡೆ ಕೈಗೆ ಸಿಕ್ಕಿತು. ಉದ್ದನೆಯ ಒಣಹುಲ್ಲು ನುಂಗಿತ್ತು. ಬೇರೆ ಇಟ್ಟು, ಮೇವು ನಿಲ್ಲಿಸಿ, ನೀರು ಮಾತ್ರ ಕೊಟ್ಟು, ಗಂಟೆಗೊಂದು ಸಲ ಮೆಲ್ಲಗೆ ನೀವುತ್ತಾ ಬಂದೆ. ಮಾರನೇ ದಿನ ಸಂಜೆಗೆ ಉಂಡೆ ಕರಗಿತು. ಹದಿನೇಳು ಇದ್ದ ಕಾಲದಲ್ಲಾಗಿದ್ದರೆ ಬಾಗಿಲು ತೆಗೆದ ಕೂಡಲೇ ಎಲ್ಲ ಒಟ್ಟಿಗೆ ನುಗ್ಗುತ್ತಿದ್ದವು. ಯಾವುದು ಕೊನೆಗೆ ಬಂತು ಅಂತ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಕಾವು ಕೂತಿರುವ ನಿಮ್ಮ ನಾಟಿ ಕೋಳಿಯ ವಿಷಯಕ್ಕೆ ಬರೋಣ, ಅದೇ ಈಗ ಅರ್ಜೆಂಟ್. ಹುಂಜ ಇಲ್ಲದ್ದರಿಂದ ಅದು ಕೂತಿರುವ ಮೊಟ್ಟೆಯಲ್ಲಿ ಮರಿ ಆಗುವುದಿಲ್ಲ. 21 ದಿನ ಅಲ್ಲ, 40 ದಿನ ಕೂತರೂ ಅಷ್ಟೆ. ದಿನಕ್ಕೊಮ್ಮೆ ಎದ್ದು ಒಂದಿಷ್ಟು ತಿಂದು ಮತ್ತೆ ಹೋಗಿ ಕೂರುತ್ತದೆ. ಮೈ ಇಳಿದಿರುತ್ತದೆ, ಜುಟ್ಟು ಬಿಳಿಚಿರುತ್ತದೆ. ಸುಮ್ನೆ ಬಿಡಬೇಡಿ. ಮೊಟ್ಟೆಗಳನ್ನು ತೆಗೆಯಿರಿ. ಗಾಳಿ ಆಡುವ, ತಳಕ್ಕೆ ಬರೀ ತಂತಿ ಜಾಲರಿ ಇರುವ ಪಂಜರವನ್ನು ನೆಲದಿಂದ ಎತ್ತರಕ್ಕೆ ಇಟ್ಟು ಅದರಲ್ಲಿ ಕೋಳಿಯನ್ನು ಬಿಡಿ. ಹುಲ್ಲು ಹಾಕಬೇಡಿ. ನೀರು, ಮೇವು ಯಾವಾಗಲೂ ಇರಲಿ. ಹೊಟ್ಟೆಗೆ ತಣ್ಣನೆ ಗಾಳಿ ತಾಗಿದರೆ ಮೂರು ನಾಲ್ಕು ದಿನದಲ್ಲಿ ಕಾವು ಬಿಡುತ್ತದೆ. ಹಳ್ಳಿಗಳಲ್ಲಿ ನೀರಿಗೆ ಅದ್ದುವುದು, ಮೂಗಿಗೆ ಪುಕ್ಕ ಚುಚ್ಚುವುದು ಮಾಡುತ್ತಾರೆ. ದಯವಿಟ್ಟು ಅದೆಲ್ಲ ಬೇಡ. ಆಸೆ ಬೆಳೆಯುವುದು ಈ ಕಾವಿನಿಂದಲೇ. ಪಾಪ, ಅದಕ್ಕೂ ಮರಿ ಬೇಕಲ್ವಾ ಅನ್ನಿಸುತ್ತದೆ, ಆ ಹತ್ತು ಮರಿಯನ್ನು ರಾತ್ರಿ ಅದರ ಹೊಟ್ಟೆ ಕೆಳಗೆ ತಳ್ಳಿದರೆ ಸಾಕಿಕೊಳ್ಳುತ್ತದಲ್ಲ ಅನ್ನಿಸುತ್ತದೆ. ಎಳೆ ಮರಿಗಳಾದರೆ ಸಾಕಿಕೊಂಡೀತು. ಆದರೆ ಹತ್ತರಲ್ಲಿ ಸುಮಾರು ಐದು ಹುಂಜ ಆಗುತ್ತವೆ. ನಾಲ್ಕೈದು ತಿಂಗಳಿಗೆ ನಸುಕಿನಲ್ಲಿ ಐದೂ ಕೂಗಲು ಶುರುಮಾಡುತ್ತವೆ, ಒಂದಕ್ಕೊಂದು ಬಿದ್ದು ಕಾದಾಡುತ್ತವೆ. ಎಂಟು ಹತ್ತು ಹೇಟೆಗೆ ಒಂದು ಹುಂಜ ಸಾಕು. ಉಳಿದವನ್ನು ಏನು ಮಾಡುತ್ತೀರಿ? ಮನೆಯಲ್ಲಿ ಕೊಯ್ದು ತಿನ್ನುತ್ತೀರಾ, ಮಾರುತ್ತೀರಾ? ಹೆಸರಿಟ್ಟು ಕೈಯಲ್ಲಿ ತಿನ್ನಿಸಿದ ಹುಂಜವನ್ನು ಕೊಡುವುದು ಸುಲಭವಲ್ಲ. ಮರಿ ಬರುವ ಮೊದಲೇ ಮನೆಯವರೆಲ್ಲ ಕೂತು ಇದಕ್ಕೆ ಉತ್ತರ ಕಂಡುಕೊಳ್ಳಬೇಕು. ಉತ್ತರ ಸಿಗದಿದ್ದರೆ ಮರಿ ತರಬಾರದು.

ಕಡಕ್‌ನಾಥ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಧ್ಯಪ್ರದೇಶದ ಝಾಬುವಾ ಕಡೆಯ ಒಳ್ಳೆಯ ತಳಿ, 2018ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಮಾಂಸ ಕಪ್ಪು, ಮೊಟ್ಟೆ ಕಪ್ಪಲ್ಲ. ಮೊಟ್ಟೆಯ ಆಸೆಗೆ ಸಾಕುವವರಿಗೆ ನಿಮ್ಮಲ್ಲಿರುವ ಸ್ವರ್ಣಧಾರವೇ ಮೇಲು. ಬೆಂಗಳೂರಿನ ಹೆಬ್ಬಾಳದಲ್ಲಿ ಬೆಳೆಸಿದ ತಳಿ, ವರ್ಷಕ್ಕೆ 180ರಿಂದ 190 ಮೊಟ್ಟೆ. ಗಿರಿರಾಜ ಅನ್ನುವ ಇನ್ನೊಂದು ತಳಿಗಿಂತ ಮೈ ಹಗುರ, ಬೆಕ್ಕು ನಾಯಿ ಬಂದರೆ ತಪ್ಪಿಸಿಕೊಳ್ಳುತ್ತದೆ. ನಾಟಿ ಕೋಳಿಯದ್ದು 60ರಿಂದ 80. ಎಲ್ಲ ಕೂಡಿದರೆ ನಿಮ್ಮ ಐದರಿಂದ ವರ್ಷಕ್ಕೆ ಹತ್ತಿರಹತ್ತಿರ 700 ಮೊಟ್ಟೆ, ಅಂದರೆ ವಾರಕ್ಕೆ ಹದಿಮೂರು. ಒಂದು ಮನೆಗೆ ಇದು ಕಡಿಮೆಯೇನಲ್ಲ. ಈಗ ಇಪ್ಪತ್ತು ಬರುತ್ತಿರಬಹುದು, ಪುಕ್ಕ ಉದುರಿಸುವ ಕಾಲಕ್ಕೆ ನಾಲ್ಕೂ ಬರಲಿಕ್ಕಿಲ್ಲ. ಪಕ್ಕದ ಮನೆಗೆ ಇಷ್ಟು ಅಂತ ಒಪ್ಪಿಕೊಂಡರೆ ಆ ತಿಂಗಳು ನೀವು ಮುಖ ತಪ್ಪಿಸಿ ಓಡಾಡಬೇಕಾಗುತ್ತದೆ. ಇದ್ದಾಗ ನಾಲ್ಕು ಕೊಡಿ, ಇಲ್ಲದಾಗ ಇಲ್ಲ. ಅವರಿಗೆ ನಿಜವಾಗಿ ಆಸಕ್ತಿ ಇದ್ದರೆ ಮೂರು ಕೋಳಿ ಸಾಕಲು ನೀವೇ ಕಲಿಸಿಕೊಡಿ. ಲಸಿಕೆಯ ಒಂದು ಸೀಸೆ ಎರಡು ಮನೆಗೂ ಆಗುತ್ತದೆ. ನೀವು ಹಬ್ಬಕ್ಕೆ ಊರಿಗೆ ಹೋದಾಗ ಅವರು ನಿಮ್ಮ ಬಾಗಿಲು ತೆಗೆದು ಹಾಕುತ್ತಾರೆ, ಅವರು ಹೋದಾಗ ನೀವು.

ಹೊಸ ಕೋಳಿ ಯಾವತ್ತೂ ತರಬಾರದು ಅಂತ ನಾನು ಹೇಳುತ್ತಿಲ್ಲ. ನಿಮ್ಮವಕ್ಕೂ ವಯಸ್ಸಾಗುತ್ತದೆ. ವರ್ಷ ಕಳೆದಂತೆ ಮೊಟ್ಟೆ ಇಳಿಯುತ್ತಾ ಹೋಗುತ್ತದೆ. ಆಗ ಹಳೆಯದರ ಜಾಗಕ್ಕೆ ಹೊಸದು ಬರಲಿ, ಅದರ ಮೇಲೆ ಬೇಡ. ಎರಡು ಹೋದಾಗ ಎರಡು ತನ್ನಿ. ಒಂದನ್ನೇ ಮಾತ್ರ ತರಬೇಡಿ, ಒಂಟಿ ಕೋಳಿಯನ್ನು ಉಳಿದವು ಗೋಳು ಹೊಯ್ದುಕೊಳ್ಳುತ್ತವೆ. ವಯಸ್ಸು ಗೊತ್ತಿರುವ, ಲಸಿಕೆ ಆಗಿರುವ ಹೇಟೆಗಳೇ ಆಗಲಿ. ತಂದ ಮೇಲೆ ಮೂರು ನಾಲ್ಕು ವಾರ ದೂರ ಇಡಿ. ಅವಕ್ಕೆ ಬೇರೆ ಬಟ್ಟಲು, ನಿಮ್ಮ ಕಾಲಿಗೆ ಬೇರೆ ಚಪ್ಪಲಿ. ಮೊದಲು ಹಳೆಯವಕ್ಕೆ ಮೇವು ಹಾಕಿ ಆಮೇಲೆ ಹೊಸವಕ್ಕೆ ಹಾಕಿ, ತಿರುಗಿಸಿ ಮಾಡಬೇಡಿ. ಆಮೇಲೆ ಒಂದು ವಾರ ನಡುವೆ ಜಾಲರಿ ಕಟ್ಟಿ ಒಂದನ್ನೊಂದು ನೋಡುವಂತೆ ಬಿಡಿ. ಕೊನೆಗೆ ಒಂದು ರಾತ್ರಿ, ಎಲ್ಲ ನಿದ್ದೆ ಹೋದ ಮೇಲೆ, ಹೊಸ ಎರಡನ್ನೂ ಕೋಲಿನ ತುದಿಗೆ ಕೂರಿಸಿ ಬನ್ನಿ.

ಅಲ್ಲಿಯವರೆಗೆ ಆಸೆ ಸುಮ್ಮನಿರುವುದಿಲ್ಲ, ಗೊತ್ತು. ಆ ಉತ್ಸಾಹವನ್ನು ಇರುವ ಐದಕ್ಕೇ ಕೊಡಿ. ಹಿತ್ತಲ ಒಂದು ಮೂಲೆಯಲ್ಲಿ ಮಳೆ ಬೀಳದ ಹಾಗೆ ಶೀಟು ಹಾಕಿ, ಒಣಮಣ್ಣು, ಬೂದಿ ತುಂಬಿದ ಗುಂಡಿ ಮಾಡಿ. ಅದರಲ್ಲಿ ಹೊರಳಾಡಿದರೆ ಮೈಯ ಹೇನು ಕಡಿಮೆಯಾಗುತ್ತದೆ. ಒಂದು ಸಿಮೆಂಟ್ ತೊಟ್ಟಿಯಲ್ಲಿ ಅಜೋಲ್ಲಾ ಬಿಡಿ, ನೀರಿನ ಮೇಲೆ ತೇಲುತ್ತಾ ಬೆಳೆಯುವ ಪುಟ್ಟ ಮೇವಿನ ಗಿಡ ಅದು. ಒಂದು ನುಗ್ಗೆ ಗೂಟ ನೆಡಿ. ಗೋಡೆಗೆ ಕ್ಯಾಲೆಂಡರ್ ನೇತುಹಾಕಿ ದಿನದ ಮೊಟ್ಟೆ ಬರೆಯಿರಿ, ಕೆಳಗೆ ಕೊಂಡ ಮೇವಿನ ದುಡ್ಡು ಬರೆಯಿರಿ. ಒಂದು ಮಳೆಗಾಲ ದಾಟುವವರೆಗೆ ಬಿಡದೆ ಬರೆಯಿರಿ.

ಸ್ನೇಹಿತರು ಪ್ರೀತಿಯಿಂದ ಕೊಡುತ್ತೇನೆ ಅಂದಾಗ ಇಲ್ಲ ಅನ್ನುವುದು ಕಷ್ಟ. ಅವರಿಗೆ ಫೋನ್ ಮಾಡಿ, ಈಗ ಇಡಲು ಆಗುವುದಿಲ್ಲ ಅಂತ ಹೇಳಿ. ತೋಟ ಇರುವ ನೆಂಟರು ಯಾರಾದರೂ ಇದ್ದರೆ ಆ ಹತ್ತನ್ನು ಅವರಿಗೆ ಪಾಲಿಗೆ ಕೊಡಿಸಿ. ನಮಗೆ ಎರಡು ಹೇಟೆ ಇದ್ದರೆ ಸಾಕು, ಲಸಿಕೆ ಹಾಕಿಸಿ ಇಟ್ಟಿರಲಿ, ದೀಪಾವಳಿ ಹೊತ್ತಿಗೆ ನಮ್ಮಲ್ಲಿ ಜಾಗ ಖಾಲಿಯಾದರೆ ಬಂದು ತೆಗೆದುಕೊಂಡು ಹೋಗುತ್ತೇವೆ ಅನ್ನಿ. ಇವತ್ತು ಸಂಜೆ ಮಾತ್ರ ಮೊದಲು ಆ ನಾಟಿ ಕೋಳಿಯನ್ನು ಗೂಡಿನಿಂದ ಎತ್ತಿ ಪಂಜರಕ್ಕೆ ಬಿಡಿ.